ಮಿಲಿಟರಿ ಹಲ್ಲು

ಸ್ಟೇಷನ್ ರಸ್ತೆಯ ಜವಳಿ ಅಂಗಡಿಯ ಶಿವಯೋಗೆಪ್ಪ ಮೋಟಾರು ಕೊಂಡನೆಂಬ ಸುದ್ದಿಗೆ ವಿಜಾಪುರದಲ್ಲಿ ಯಾರೂ ಬೆರಗಾಗಲಿಲ್ಲ. ಹಿಂದಿನ ವರ್ಷ ಅವನು ಗ್ರಾಮೋಫೋನು ಕೊಂಡಿದ್ದ. ಅದಕ್ಕೂ ಹಿಂದೆ ಒಂದು ನವಿಲು. ಗ್ರಾಮೋಫೋನನ್ನು ತಾನೇ ಬಿಚ್ಚಿ ಸುಧಾರಣೆ ಮಾಡಿದ ಮೇಲೆ ಅದು ಹಾಡುವುದನ್ನು ಬಿಟ್ಟು ಕೆಮ್ಮಲು ಕಲಿತಿತ್ತು. ನವಿಲು ಮಾತ್ರ ಸುಧಾರಣೆಯ ಸುಳಿವು ಸಿಕ್ಕ ಕೂಡಲೇ ಗೋಡೆ ಹಾರಿ, ರೈಲು ಹಳಿಯ ಗುಂಟ ಹೋದದ್ದು ಮರಳಿ ಬಂದಿರಲಿಲ್ಲ.

ಶಿವಯೋಗೆಪ್ಪನಿಗೆ ದೇವರು ಎರಡನ್ನು ಕೈಬಿಚ್ಚಿ ಕೊಟ್ಟಿದ್ದ. ಒಂದು ಧೈರ್ಯ. ಇನ್ನೊಂದು ಮಲ್ಲಿಗೆ ಮೊಗ್ಗು ಜೋಡಿಸಿಟ್ಟ ಹಾಗಿದ್ದ ಹಲ್ಲಿನ ಸಾಲು. ತಂದೆ ತೀರಿಕೊಂಡ ಮೇಲೆ ಅಂಗಡಿ ಅವನ ಹೆಸರಿಗೆ ಬಂದಿತ್ತು. ನಡೆಸುತ್ತಿದ್ದವಳು ತಾಯಿ ರಾಚವ್ವ. ಹೀಗಾಗಿ ಅವನಿಗೆ ಧೈರ್ಯವನ್ನು ಬಳಸಲು ಬೇಕಾದಷ್ಟು ಪುರಸೊತ್ತಿತ್ತು.

ಮೋಟಾರು ಅಂಥಿಂಥದಲ್ಲ. ಯಾವುದೋ ಸಂಸ್ಥಾನದ ಯುವರಾಜರು ಪುಣೆಯ ಕಡೆ ಪಂದ್ಯದಲ್ಲಿ ಓಡಿಸುತ್ತಿದ್ದದ್ದು. ಕೆಂಪು ಬಣ್ಣ, ಎರಡೇ ಆಸನ, ಮೇಲೆ ಛತ್ತಿಲ್ಲ, ಬಾಗಿಲು ಗೇಣುದ್ದ. ಯುವರಾಜರು ಇಂಜಿನಿಗೆ ಏನೇನೋ ಮಾಡಿಸಿ ಅದರ ಬಲ ಹೆಚ್ಚಿಸಿದ್ದರು. ಆ ಬಲವನ್ನು ಗಾಲಿಗೆ ಮುಟ್ಟಿಸುವ ಗೇರಿನ ಡಬ್ಬಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಅದರೊಳಗಿನ ಹಲ್ಲುಗಾಲಿಗಳು ಬಡಪಾಯಿಗಳು. ಗಂಡುಗೂಳಿಯನ್ನು ಕಟ್ಟಿಹಾಕಲು ನೂಲಿನ ದಾರ ಕೊಟ್ಟ ಹಾಗಿತ್ತು ಅವುಗಳ ಅವಸ್ಥೆ. ಇದು ಶಿವಯೋಗೆಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಟಿಕೋಟದಲ್ಲಿ, ಅದೂ ಮಾವನಾಗಬೇಕಾದವರ ಎದುರಿಗೆ.

ಆ ವರ್ಷ, ಎಂದರೆ ಲಡಾಯಿ ಮುಗಿದ ಮರುವರ್ಷ, ಬಬಲೇಶ್ವರದ ಗುರಲಿಂಗಪ್ಪನವರ ಮಗಳು ನೀಲಾಬಾಯಿಯನ್ನು ಅವನು ನೋಡಿ ಬಂದಿದ್ದ. ಹುಡುಗಿ ತಲೆಯೆತ್ತಿರಲಿಲ್ಲ, ಆದರೆ ಅಜ್ಜಿ ರುದ್ರವ್ವನ ಕಿವಿಯಲ್ಲಿ ಒಂದು ಪ್ರಶ್ನೆ ಹಾಕಿದ್ದಳು. ರುದ್ರವ್ವ ಅದನ್ನು ಇಡೀ ಪಡಸಾಲೆಗೆ ಕೇಳುವ ಹಾಗೆ ದಾಟಿಸಿದ್ದಳು: "ಮೋಟಾರಿನಾಗ ಎಲ್ಡ ಮಂದಿಗೆ ಜಾಗಾ ಐತೇನು ಅಂತ ಕೇಳಾಕತ್ತಾಳ." ಅಂದಿನಿಂದ ಶಿವಯೋಗೆಪ್ಪನ ಪಾದ ನೆಲಕ್ಕೆ ಹತ್ತುತ್ತಿರಲಿಲ್ಲ. ಜೂನ್ ತಿಂಗಳ ಮಿರುಗದ ಮಳೆ ಬಿದ್ದ ಮೇಲೆ ನಿಶ್ಚಯ ಎಂದು ಮಾತಾಗಿತ್ತು.

ಅಷ್ಟರಲ್ಲಿ ಟಿಕೋಟದಲ್ಲಿ ಅವನ ಸೋದರತ್ತೆ ಬೋರವ್ವನ ಮನೆಯಲ್ಲಿ ಒಂದು ತೊಟ್ಟಿಲ ಕಾರ್ಯ ಬಂತು. ಗುರಲಿಂಗಪ್ಪನವರೂ ಬಂದಿದ್ದರು. ಊಟವಾಗಿ ಎಲ್ಲರೂ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾಗ ಶಿವಯೋಗೆಪ್ಪ ಮೋಟಾರಿನಲ್ಲಿ ಕೂತ.

"ಮಾವಾರ, ನೀವು ಆ ಎಲಿ ಮಡಚಿ ಬಾಯಾಗ ಇಡೂದ್ರಾಗ ನಾ ಊರ ಹೊರಗಿನ ಬೇವಿನ ಮರ ಮುಟ್ಟಿ ಬಂದಿರತೇನಿ."

ಗುರಲಿಂಗಪ್ಪನವರು ಎಲೆ ಮಡಚಿದರು. ಶಿವಯೋಗೆಪ್ಪ ಇಂಜಿನನ್ನು ಗರ್ಜಿಸುವಷ್ಟು ಗರ್ಜಿಸಲು ಬಿಟ್ಟು ಕ್ಲಚ್ಚಿನಿಂದ ಕಾಲು ತೆಗೆದ. 'ಕಟಾಲ್' ಎಂದು ಶಬ್ದವಾಯಿತು. ಮೋಟಾರು ಒಂದು ಮೊಳ ಜಿಗಿದು ನಿಂತಿತು. ಇಂಜಿನು ಬೊಬ್ಬೆ ಹೊಡೆಯುತ್ತಲೇ ಇತ್ತು, ಗಾಲಿಗಳು ಮಾತ್ರ ಅದು ತಮಗೆ ಸಂಬಂಧವಿಲ್ಲದ ವಿಷಯವೆಂಬಂತೆ ಸುಮ್ಮನಿದ್ದವು. ಗುರಲಿಂಗಪ್ಪನವರು ಎಲೆ ಅಗಿದು, ಉಗುಳಿ, ಇನ್ನೊಂದು ಮಡಚಿದರು.

ಕೊನೆಗೆ ಅಮೋಘಿ ಎಂಬ ರೈತನ ಎತ್ತುಗಳು ಆ ಓಟದ ಮೋಟಾರನ್ನು ವಿಜಾಪುರಕ್ಕೆ ಎಳೆದು ತಂದವು. ಶಿವಯೋಗೆಪ್ಪ ದಾರಿಯುದ್ದಕ್ಕೂ ಚಕ್ರ ಹಿಡಿದು ಕೂತು, ಧೂಳಿಗೆ ಅರ್ಧ, ನಾಚಿಕೆಗೆ ಅರ್ಧ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದ. ಆ ಕರವಸ್ತ್ರವನ್ನು ಟಿಕೋಟದ ಮಂದಿ ನೋಡಿದರು. ಶಬ್ದವನ್ನಂತೂ ಎಲ್ಲರೂ ಕೇಳಿದ್ದರು. ಮುಂದಿನ ಅನಾಹುತಕ್ಕೆ ಇವೆರಡೇ ಸಾಕಾದವು.

ಇಬ್ರಾಹಿಂಪುರದಲ್ಲಿ ಅಲ್ಲಾಉದ್ದೀನ ಎಂಬ ಮೇಸ್ತ್ರಿಯ ಶೆಡ್ಡು ಇತ್ತು. ಅಲ್ಲಾಉದ್ದೀನ ಲಡಾಯಿಯ ಕಾಲಕ್ಕೆ ಮಿಲಿಟರಿಯ ವರ್ಕ್‌ಶಾಪಿನಲ್ಲಿ ದುಡಿದು ಬಂದವನು. ಧೈರ್ಯದಲ್ಲಿ ಶಿವಯೋಗೆಪ್ಪನಿಗೆ ಏನೂ ಕಡಿಮೆಯಿಲ್ಲ. ತಾನು ರಿಪೇರಿ ಮಾಡಿದ ಟ್ಯಾಂಕು ಕಂಡೇ ಜಪಾನಿನವರು ಶರಣಾದರೆಂದು ಅವನು ಹೇಳುತ್ತಿದ್ದ, ಶಿವಯೋಗೆಪ್ಪ ನಂಬುತ್ತಿದ್ದ. ಇಬ್ಬರದೂ ಒಳ್ಳೆಯ ಜೋಡಿ.

ಡಬ್ಬಿಯನ್ನು ಬಿಚ್ಚಿ ಎಣ್ಣೆ ಬಸಿದಾಗ ಜೊತೆಗೆ ಕಬ್ಬಿಣದ ಚೂರುಗಳೂ ಉದುರಿದವು. ಸರಿಯಾಗಿ ಅದೇ ಹೊತ್ತಿಗೆ ಗುರುಪಾದಯ್ಯನವರು ಬಾಗಿಲಿಗೆ ಬಂದರು. ಟಿಕೋಟದ ಈ ಅಯ್ಯನವರೇ ಸಂಬಂಧ ಕೂಡಿಸಿದವರು. ಮಡಿ ಧೋತರಕ್ಕೆ ಎಣ್ಣೆ ತಾಗೀತೆಂದು ಅವರು ಒಳಗೆ ಕಾಲಿಡದೆ ಹೊರಗಿನಿಂದಲೇ ಕೂಗಿದರು.

"ಶಿವಯೋಗೆಪ್ಪಾ, ಹ್ಯಾಂಗದೀಪಾ? ಟಿಕೋಟದಾಗ ಪೆಟ್ಟಾತಲ್ಲ, ಬೀಗರು ಕೇಳಿ ಬಾ ಅಂದಾರ."

ಆ ದಿನಗಳಲ್ಲಿ ಶಿವಯೋಗೆಪ್ಪನನ್ನು 'ಹ್ಯಾಂಗದೀ' ಎಂದು ಕೇಳಿದರೆ ಮೋಟಾರು ಹೇಗಿದೆ ಎಂದೇ ಅವನಿಗೆ ಕೇಳಿಸುತ್ತಿತ್ತು.

"ಹಲ್ಲು ಹೋದೂರಿ ಅಯ್ನಾರ. ಮುಂದಿನವು ಪುಡಿಪುಡಿ. ಹಿಂದಿನವು ಸವದು ಸಪಾಟ."

"ಶಿವ ಶಿವಾ! ಎಲ್ಲಾನೂ?"

ಒಳಗಿನಿಂದ ಅಲ್ಲಾಉದ್ದೀನ ಒದರಿದ: "ಒಂದೊಂದು ಹಾಕಿದ್ರ ನಿಂದರಂಗಿಲ್ರಿ. ಎಲ್ಲಾ ಕಿತ್ತು ಒಗದು ಹೊಸಾ ಸೆಟ್ ಕೂಡಸಬೇಕು. ಮಿಲಿಟರಿ ಮಾಲು ತರಸ್ತೀನಿ. ಗುಂಡು ಕಡದ್ರೂ ಮುರಿಯಂಗಿಲ್ಲ."

"ಕೇಳಿದ್ರಿಲ್ರಿ ಅಯ್ನಾರ? ಮಾವಾರಿಗೆ ಹೇಳ್ರಿ, ಏನೂ ಕಾಳಜಿ ಬ್ಯಾಡ ಅಂತ. ಹಳೇದಕ್ಕಿಂತ ಗಟ್ಟಿ ಆಗತಾವ. ನಿಶ್ಚಯಕ್ಕ ಹೊಸಾ ಹಲ್ಲಿನ ಮ್ಯಾಲೇ ಬರತೀನಿ."

ಗುರುಪಾದಯ್ಯನವರಿಗೆ ಪುರಾಣ ಗೊತ್ತಿತ್ತು, ಪಂಚಾಂಗ ಗೊತ್ತಿತ್ತು. ಮೋಟಾರಿನ ಹೊಟ್ಟೆಯಲ್ಲಿ ಹಲ್ಲಿರುತ್ತವೆಂಬುದು ಎರಡರಲ್ಲೂ ಬಂದಿರಲಿಲ್ಲ. ಅವರು ಒಮ್ಮೆ ಶಿವಯೋಗೆಪ್ಪನ ಬಾಯಿಯನ್ನು ನೋಡಬೇಕೆಂದುಕೊಂಡರು. ಆದರೆ ಅವನು ಪೆಟ್ರೋಲಿನ ವಾಸನೆಗೆ ಮತ್ತೆ ಕರವಸ್ತ್ರ ಅಡ್ಡ ಹಿಡಿದಿದ್ದ. ಪಾಪ, ಮರ್ಯಾದಸ್ಥ ಹುಡುಗ, ಮುಚ್ಚಿಕೊಳ್ಳುತ್ತಾನೆ ಎಂದು ನೊಂದುಕೊಂಡು ಅವರು ಟಿಕೋಟಕ್ಕೆ ಹೊರಟುಹೋದರು.

ಟಿಕೋಟದಲ್ಲಿ ಬೋರವ್ವ ಸುದ್ದಿ ಕೇಳಿ ಹಣೆ ಬಡಿದುಕೊಂಡಳು. "ಅದಕ್ಕ ಅಂತೀನಿ! ಕಟಾಲ್ ಅಂತ ಸಪ್ಪಳಾತಲ್ಲ, ಅದು ನಮ್ಮ ಶಿವಯೋಗೆಪ್ಪನ ಹಲ್ಲೇರಿ! ಚಕ್ರಕ್ಕ ಬಾಯಿ ಬಡದೈತಿ. ಅರವಿ ಹಿಡಕೊಂಡ ಹ್ವಾದ, ನನಗೊಂದ ಮಾತ ಹೇಳಲಿಲ್ಲ!" ಮರುದಿನವೇ ಅವಳು ಅಂಬಲಿ, ಗಂಜಿ, ನುಣ್ಣಗೆ ಅರೆದ ಮಾದಲಿಗಳನ್ನು ವಿಜಾಪುರಕ್ಕೆ ಕಳಿಸತೊಡಗಿದಳು. ಶಿವಯೋಗೆಪ್ಪ ಅವನ್ನು ತಿಂದು, ಅದರ ಮೇಲೆ ಖಡಕ್ ರೊಟ್ಟಿಯನ್ನೂ ತಿಂದು, ಅತ್ತೆಗೆ ವಯಸ್ಸಾಯಿತು, ಅಡುಗೆಯ ಹದ ತಪ್ಪುತ್ತಿದೆ ಎಂದು ತಾಯಿಯ ಮುಂದೆ ಮರುಗಿದ.

ಸುದ್ದಿ ಬಬಲೇಶ್ವರ ತಲುಪುವಷ್ಟರಲ್ಲಿ ಮೈತುಂಬಿಕೊಂಡಿತ್ತು. ಶಿವಯೋಗೆಪ್ಪನಿಗೆ ಹಲ್ಲು ಒಂದೂ ಉಳಿದಿಲ್ಲ, ಇಬ್ರಾಹಿಂಪುರದ ಅಲ್ಲಾಉದ್ದೀನ ಸರಕಾರಿ ಮಿಲಿಟರಿ ಹಲ್ಲು ತರಿಸಿ ಕೂಡಿಸುತ್ತಾನೆ, ಅವು ಉಕ್ಕಿನವು. ನಡುವಿನ ಹಳ್ಳಿಗಳಲ್ಲಿ ಹಲ್ಲು ಸಡಿಲಾದ ಮುದುಕರೆಲ್ಲ ಕಿವಿ ನಿಮಿರಿಸಿದರು. ಕನಮಡಿಯ ಕಡೆಯ ಒಬ್ಬ ಮುದುಕ ನೆಟ್ಟಗೆ ಶೆಡ್ಡಿಗೇ ಬಂದು ಕೂತ.

"ಎರಡು ಅಳ್ಳಾಡಾಕತ್ತಾವ್ರಿ ಮೇಸ್ತ್ರಿ," ಎಂದ.

"ಗಾಡಿ ತಂದೀರೇನು?" ಅಲ್ಲಾಉದ್ದೀನ ತಲೆಯೆತ್ತದೆ ಕೇಳಿದ.

"ಚಕ್ಕಡಿ ತಂದೇನಿ."

"ಚಕ್ಕಡಿಗೆ ಹಲ್ಲೆಲ್ಲಿರತಾವ, ಹೋಗ್ರಿ ಅಜ್ಜಾರ," ಎಂದು ಅವನು ನಕ್ಕ. ಮುದುಕ ತನ್ನ ಬಡತನವನ್ನು ನೋಡಿ ಮೇಸ್ತ್ರಿ ಹೀಯಾಳಿಸಿದನೆಂದು ಬಗೆದು, ಊರಿಗೆ ಹೋಗಿ, ಮಿಲಿಟರಿ ಹಲ್ಲು ಮೋಟಾರು ಇದ್ದವರಿಗೆ ಮಾತ್ರವೆಂದು ಸಾರಿದ.

ಇತ್ತ ಕೆಲಸ ಭರದಿಂದ ಸಾಗಿತ್ತು. ಪುಣೆಯ ಕಡೆ ಹರಾಜಾದ ಮಿಲಿಟರಿ ಲಾರಿಯೊಂದರ ಗೇರಿನ ಡಬ್ಬಿ ರೈಲಿನಲ್ಲಿ ಬಂತು. ಅದನ್ನು ಎತ್ತಲು ಹಮಾಲರು ಮೂರು ಸಲ ದೇವರ ಹೆಸರು ಹೇಳಬೇಕಾಯಿತು. ಡಬ್ಬಿ ದೊಡ್ಡದು, ಮೋಟಾರಿನ ಹೊಟ್ಟೆ ಚಿಕ್ಕದು. ತಳದ ಹಲಗೆ ಕತ್ತರಿಸಿದರು. ಇಂಜಿನಿನ ಬೋಲ್ಟಿಗೂ ಡಬ್ಬಿಯ ಬೋಲ್ಟಿಗೂ ತಾಳೆಯಾಗಲಿಲ್ಲ. ನಡುವೆ ದಪ್ಪನೆಯ ಉಕ್ಕಿನ ತಟ್ಟೆಗೆ ತೂತು ಕೊರೆದು ಇಬ್ಬರನ್ನೂ ರಾಜಿ ಮಾಡಿಸಿದರು. ಹೊಸ ಡಬ್ಬಿ ಉದ್ದವಾದ್ದರಿಂದ, ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟನ್ನು ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯ ಲೇತಿನಲ್ಲಿ ಗಿಡ್ಡ ಮಾಡಿಸಿದರು. ಎಲ್ಲ ಕೂತಿತು. ಗೇರಿನ ಹಿಡಿಕೆಯೊಂದು ಮಾತ್ರ ಪಕ್ಕದ ಆಸನದವರ ಎರಡು ಮೊಣಕಾಲುಗಳ ನಡುವೆ ಎದ್ದು ನಿಂತಿತು. "ಅದಕ್ಕೇನು, ಪಕ್ಕದಾವ್ರು ಕಾಲು ಅಗಲ ಮಾಡಿ ಕುಂದರಲಿ," ಎಂದು ಅಲ್ಲಾಉದ್ದೀನ ತೀರ್ಪು ಕೊಟ್ಟ.

ಮೊದಲ ಗೇರಿನಲ್ಲಿ ಮೋಟಾರು ಆಮೆಯಂತೆ ನಡೆಯಿತು, ಆದರೆ ಶೆಡ್ಡಿನ ಬಾಗಿಲಿಗೆ ಕಟ್ಟಿ ಬಿಚ್ಚಲು ಮರೆತಿದ್ದ ಹಗ್ಗದ ಸಮೇತ ಬಾಗಿಲನ್ನೂ ಕರೆದುಕೊಂಡು ಹೋಯಿತು. ಮೇಲಿನ ಗೇರಿಗೆ ಹಾಕಿದರೆ ಹಳೆಯ ಓಟವೇ ಓಟ. ಗೇರು ಬದಲಿಸುವಾಗ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು, ಇಲ್ಲವಾದರೆ ಕೋಣ ಹಲ್ಲು ಕಡಿದಂತೆ 'ಕರ್ರ್' ಎನ್ನುತ್ತಿತ್ತು. ಶಿವಯೋಗೆಪ್ಪನಿಗೆ ಆ ಸದ್ದೇ ಸಂಗೀತ.

ಈ ಸಡಗರದಲ್ಲಿ ಅಂಗಡಿಗೆ ಶಾಂತಪ್ಪ ಬಂದ. ಶಾಂತಪ್ಪ ಗುರಲಿಂಗಪ್ಪನವರ ತಮ್ಮ, ನಾಜೂಕಿನ ಮನುಷ್ಯ. ವರನ ಹಲ್ಲು ನೋಡಿಕೊಂಡು ಬರಬೇಕು, ಆದರೆ ಹಲ್ಲೆಂಬ ಮಾತನ್ನೆತ್ತಿ ಹುಡುಗನ ಮನಸ್ಸು ನೋಯಿಸಬಾರದು ಎಂದು ಅಣ್ಣ ಹೇಳಿ ಕಳಿಸಿದ್ದರು. ಶಿವಯೋಗೆಪ್ಪ ಬಾಯಿ ತುಂಬ ನಕ್ಕು ಸ್ವಾಗತಿಸಿದ. ಶಾಂತಪ್ಪ ಆ ಸಾಲನ್ನು ಕಂಡು ಎದೆ ಒಡೆದುಕೊಂಡ. ಇಷ್ಟು ಬೆಳ್ಳಗೆ, ಇಷ್ಟು ಒಪ್ಪವಾಗಿ ಹುಟ್ಟಿದ ಹಲ್ಲು ಇರಲು ಶಕ್ಯವೇ ಇಲ್ಲ!

"ಹೊಸಾದು... ಕೂಡಿಸೀರಂತ?" ಎಂದ ಮೆಲ್ಲಗೆ.

"ಮಾವಾರಿಗೆ ಸುದ್ದಿ ಮುಟ್ಟಿತೇನ್ರಿ! ಹೌದು, ಮಿಲಿಟರಿದು. ಬರ್ಮಾ ಕಡೆ ಬಾಂಬ್ ಬಿದ್ದು ಸತ್ತಿತ್ತಂತ, ಅದರಾಗಿಂದ ಇಡೀ ತಗದದ್ದು. ಉಳದದ್ದೆಲ್ಲಾ ನುಜ್ಜುಗುಜ್ಜು, ಇದಕ್ಕ ಮಾತ್ರ ಒಂದು ಗೀರಿಲ್ಲ!"

ಶಾಂತಪ್ಪ ಚಹದ ಬಸಿಯನ್ನು ಕೆಳಗಿಟ್ಟು ದೂರ ಸರಿಸಿದ. "ಸತ್ತದ್ದರಾಗಿಂದ?"

"ಅದಕ್ಕೇನ್ರಿ, ಸೀಮೆಎಣ್ಣಿಯೊಳಗ ಮೂರು ಸಲ ತೊಳದೀವಿ."

"ಕೂಡಿಸೂವಾಗ... ತ್ರಾಸಾತೇನು?"

"ತ್ರಾಸಂದ್ರ! ಜಾಗಾ ಸಾಲಲಿಲ್ಲ. ಒಳಗ ಕತ್ತರಿಸಿ ಅಗಲ ಮಾಡಿ, ಸುತ್ತಿಗಿಲೆ ಬಡದು ಬಡದು ಕೂಡಿಸಿದ ನಮ್ಮ ಅಲ್ಲಾಉದ್ದೀನ. ಮ್ಯಾಲೆ ಬೋಲ್ಟು."

"ಬೋಲ್ಟು!"

"ಬರೇ ಹಾಂಗ ಬಿಟ್ರ ಓಡೂವಾಗ ಕೆಳಗ ಬೀಳಂಗಿಲ್ಲೇನ್ರಿ?"

ಶಾಂತಪ್ಪ ಹಣೆಯ ಬೆವರು ಒರೆಸಿಕೊಂಡ. "ದಿನಾ ಮಲಗೂವಾಗ ತಗದಿಡತೀರೇನು?"

ಶಿವಯೋಗೆಪ್ಪ ಅವನ ಅಜ್ಞಾನಕ್ಕೆ ಕನಿಕರಪಟ್ಟ. "ಛೆ, ದಿನಾ ಯಾರು ತಗೀತಾರ? ತಿಂಗಳಿಗೊಮ್ಮೆ ಎಣ್ಣಿ ಬದಲ ಮಾಡಿದ್ರ ಸಾಕು. ಕೇಳ್ರಿಲ್ಲೆ, ಎರಡೇ ತೊಡಕು. ಒಂದು, ಚಳಿಗಾಲದಾಗ ಮುಂಜಾನಿ ಬಿಗಿ ಹಿಡೀತಾವಂತ. ಇನ್ನೊಂದು, ಕರ್ರ್ ಅಂತ ಕೂಗತಾವ. ಅದು ನೀಲಾಬಾಯಾರಿಗೆ ರೂಢಿ ಆಗತೈತಿ ಬಿಡ್ರಿ. ಹಳೇವನ್ನ ಒಂದು ಡಬ್ಬಿಯೊಳಗ ಕಾದಿಟ್ಟೀನಿ, ತೋರಸಲೇನು?"

"ಬ್ಯಾಡ್ರಿ! ಬ್ಯಾಡ್ರಿ!" ಎಂದು ಶಾಂತಪ್ಪ ಎದ್ದವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಶಿವಯೋಗೆಪ್ಪ ತಾಯಿಗೆ ಹೇಳಿದ: "ಬೀಗರ ಕಡೆಯವರಿಗೆ ನಮ್ಮ ಕೆಲಸ ನೋಡಿ ದಂಗು ಬಡದೈತಿ ಯವ್ವಾ."

ರಾಚವ್ವ ಬಟ್ಟೆ ಅಳೆಯುತ್ತಿದ್ದ ಗಜಕೋಲನ್ನು ನಿಲ್ಲಿಸಿ ಮಗನನ್ನು ನೋಡಿದಳು. "ಬಡದದ್ದು ಖರೆ. ಏನು ಬಡೀತು ಅನ್ನೂದು ತಿಳೀವಲ್ದು," ಎಂದಳು.

ಮಿರುಗದ ಮಳೆ ಬಿತ್ತು. ನಿಶ್ಚಯದ ಸುದ್ದಿಯಿಲ್ಲ. ಒಂದು ಮುಂಜಾನೆ ಗುರುಪಾದಯ್ಯನವರೇ ಬಂದು, ತಲೆ ತಗ್ಗಿಸಿ, ಶೆಡ್ಡಿನ ಹೊರಗೆ ನಿಂತರು.

"ಶಿವಯೋಗೆಪ್ಪಾ, ಗುರಲಿಂಗಪ್ಪನವರು ಹಿಂದ ಸರಿಯಾಕತ್ತಾರಪಾ. ಇಂಥಾ ಹಲ್ಲಿನ ಮನಿಗೆ ಹೆಣ್ಣು ಕೊಡೂದಿಲ್ಲ ಅಂತಾರ."

ಶಿವಯೋಗೆಪ್ಪನ ಮುಖ ಒಮ್ಮೆ ಬಾಡಿತು. ನೀಲಾಬಾಯಿಯ ಪ್ರಶ್ನೆ ನೆನಪಾಯಿತು. ಮರುಕ್ಷಣವೇ ಧೈರ್ಯ ಮರಳಿ ಬಂದು ಕೂತಿತು. ಟಿಕೋಟದಲ್ಲಾದ ಅವಮಾನವನ್ನು ಮಾವನವರು ಮರೆತಿಲ್ಲ, ಅಷ್ಟೇ. ಹೊಸ ಡಬ್ಬಿಯ ಪ್ರತಾಪ ಕಣ್ಣಾರೆ ನೋಡಿದರೆ ಮರೆಯುತ್ತಾರೆ.

"ನಡ್ರಿ ಅಯ್ನಾರ, ಈಗಿಂದೀಗ ಬಬಲೇಶ್ವರಕ್ಕ ಹೋಗೂಣು. ಹಲ್ಲಿನ ಗಟ್ಟಿ ಅವ್ರ ಮನಿ ಬಾಗಲದಾಗ ತೋರಸ್ತೀನಿ!"

ಕೂಡಿಟ್ಟ ರೇಶನ್ ಕೂಪನ್ನಿನ ಪೆಟ್ರೋಲನ್ನೆಲ್ಲ ಸುರಿದರು. ಅಲ್ಲಾಉದ್ದೀನ ಹಿಂದಿನ ಬಾಲದ ಮೇಲೆ ಹತ್ತಿ ಕೂತ. ಗುರುಪಾದಯ್ಯನವರು ಪಕ್ಕದ ಆಸನದಲ್ಲಿ, ಗೇರಿನ ಹಿಡಿಕೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಪ್ರತಿ ಸಲ 'ಕರ್ರ್' ಎಂದಾಗ 'ಶಿವಾ' ಎನ್ನುತ್ತ, ಧೋತರ ಕಾಪಾಡಿಕೊಳ್ಳುತ್ತ ಕೂತರು. ಮೋಟಾರು ಟಿಕೋಟವನ್ನು ದಾಟುವಾಗ ಬೋರವ್ವ ಗಂಜಿಯ ತಂಬಿಗೆ ಹಿಡಿದು ಹೊರಗೆ ಬಂದಳು. ಅವಳು ಬಾಯಿ ತೆರೆಯುವುದರೊಳಗೆ ಇವರು ಊರ ಹೊರಗಿದ್ದರು.

ಟಿಕೋಟ ಮತ್ತು ಬಬಲೇಶ್ವರದ ನಡುವೆ ಎರೆಯ ಕಪ್ಪು ನೆಲ. ಮಳೆ ಬಿದ್ದರೆ ಆ ಮಣ್ಣು ಕಾಲು ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಚಪ್ಪಲಿ ಕೊಡುವುದಿಲ್ಲ. ಖಡಿಕಲ್ಲು ಹಾಕಿದ ಸಣ್ಣ ರಸ್ತೆಯಿಂದ ಜಾರಿ, ಬಬಲೇಶ್ವರದ ಬಸ್ಸು ಪಕ್ಕದ ಹೊಲದಂಚಿನಲ್ಲಿ ಒಂದು ಕಡೆ ವಾಲಿ ಹೂತು ನಿಂತಿತ್ತು. ಗಂಡಸರು ಕೆಸರಿಗಿಳಿದು ದೂಡುತ್ತಿದ್ದರು. ಹೆಂಗಸರು, ಮುದುಕರು ಒಳಗೇ ಇದ್ದರು. ಬಸ್ಸು ವಾಲಿದ್ದರಿಂದ ಅವರಿಗೆ ಒಂದು ಕಿಟಕಿಯಲ್ಲಿ ಕೆಸರು, ಇನ್ನೊಂದರಲ್ಲಿ ಆಕಾಶ, ಇಷ್ಟೇ ಕಾಣುತ್ತಿತ್ತು.

ಶಿವಯೋಗೆಪ್ಪ ಮೋಟಾರನ್ನು ಖಡಿಯ ಮೇಲೆ ನಿಲ್ಲಿಸಿ ಆಸನದ ಮೇಲೆಯೇ ಎದ್ದು ನಿಂತ. "ಎಲ್ಲಾರೂ ಸರೀರಿ! ಹಗ್ಗ ತರ್ರಿ! ನಮ್ಮವು ಮಿಲಿಟರಿ ಹಲ್ಲು, ಬಸ್ಸಲ್ಲ, ಗೋಳಗುಮ್ಮಟ ಎಳೀತಾವ!"

ಕೆಸರಿನಲ್ಲಿ ನಿಂತ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಮಿಲಿಟರಿ ಹಲ್ಲಿನವನು! ಇವನೇ! ಒಬ್ಬ ಭಕ್ತಿಯಿಂದ ಹಗ್ಗದ ತುದಿಯನ್ನು ತನ್ನ ಅಂಗಿಯಿಂದ ಒರೆಸಿ ಶಿವಯೋಗೆಪ್ಪನ ಬಾಯಿಯ ಹತ್ತಿರ ಹಿಡಿದ. ಬಸ್ಸಿನೊಳಗಿನಿಂದ ಒಂದು ಮುದಿ ದನಿ ಚೀರಿತು: "ಬ್ಯಾಡೋ ಯಪ್ಪಾ! ಹೊಸಾವದಾವ, ಕಿತ್ತು ಬಂದಾವು!"

ಆ ದನಿ ರುದ್ರವ್ವನದು. ಕೆಸರಿನಲ್ಲಿ ಮೊಣಕಾಲುದ್ದ ಹೂತು, ಬಸ್ಸಿನ ಹಿಂಭಾಗಕ್ಕೆ ಹೆಗಲು ಕೊಟ್ಟು ನಿಂತ ದೊಡ್ಡ ರುಮಾಲಿನ ದೊಡ್ಡ ಮನುಷ್ಯರು ತಿರುಗಿ ನೋಡಿದರು. ಗುರಲಿಂಗಪ್ಪನವರು. ಸಂಬಂಧ ಬೇಡವೆಂದು ರಾಚವ್ವನಿಗೆ ಮುಖಾಮುಖಿ ಹೇಳಿ ಬರಲು ಅವರು ವಿಜಾಪುರಕ್ಕೆ ಹೊರಟಿದ್ದರು.

"ಮಾವಾರ! ನೀವಿಲ್ಲೇ ಅದೀರೇನು? ಚಲೋ ಆತು, ಎಲ್ಲಿ ತೋರಸ್ಲಿ ಅನಾಕತ್ತಿದ್ದೆ," ಎಂದು ಶಿವಯೋಗೆಪ್ಪ ಹಿಗ್ಗಿದ. ಹಗ್ಗವನ್ನು ಬಾಯಿಯ ಬಳಿಯಿಂದ ಸರಿಸಿ ಅಲ್ಲಾಉದ್ದೀನನಿಗೆ ಕೊಟ್ಟ. ಅಲ್ಲಾಉದ್ದೀನ ಅದನ್ನು ಮೋಟಾರಿನ ಹಿಂದೆ ಕಟ್ಟಿ, ಗಾಲಿಗಳನ್ನು ನೋಡಿ ತಲೆಯಾಡಿಸಿದ. "ಸಾವಕಾರ್ರ, ಗಾಡಿ ಹಗುರ ಐತಿ. ಗಾಲಿ ಇದ್ದಲ್ಲೇ ತಿರಗತಾವ. ಹಿಂದ ಭಾರ ಬೇಕು. ದಪ್ಪನ ಮಂದಿ ಯಾರದೀರಿ?"

ಎಲ್ಲರ ಕಣ್ಣೂ ಗುರಲಿಂಗಪ್ಪನವರ ಮೇಲೆ ನಿಂತವು.

ಸುತ್ತ ಏಳು ಹಳ್ಳಿಯಲ್ಲಿ ಮಾತು ನಡೆಯುವ ಆ ಗೃಹಸ್ಥರು, ತಾವು ಮುರಿಯಲು ಹೊರಟ ಸಂಬಂಧದ ಮೋಟಾರಿನ ಬಾಲದ ಮೇಲೆ, ರುಮಾಲು ಹಿಡಿದುಕೊಂಡು ಕೂತರು. ಅವರ ಎಡಬಲಕ್ಕೆ ಇನ್ನಿಬ್ಬರನ್ನು ಏರಿಸಿದರು. ಮಿಕ್ಕವರು ಬಸ್ಸಿಗೆ ಹೆಗಲು ಕೊಟ್ಟರು. ಶಿವಯೋಗೆಪ್ಪ ಎರಡು ಸಲ ಕ್ಲಚ್ಚು ತುಳಿದು ಮೊದಲ ಗೇರು ಹಾಕಿದ. ಗುರುಪಾದಯ್ಯನವರು ಕಣ್ಣು ಮುಚ್ಚಿದರು.

ಹಗ್ಗ ಬಿಗಿಯಾಯಿತು. ಮೋಟಾರಿನ ಮೂತಿ ಹೋರಿಯ ಕೊಂಬಿನಂತೆ ಮೇಲೆದ್ದಿತು. ಡಬ್ಬಿಯೊಳಗಿಂದ ಎಂಥದೋ ನರಳಾಟ ಹೊರಟು, ಅಲ್ಲಾಉದ್ದೀನನೂ ಒಮ್ಮೆ "ಯಾ ಅಲ್ಲಾ" ಎಂದ. ಶಿವಯೋಗೆಪ್ಪ ಮಾತ್ರ ಪಾದವನ್ನು ಸಡಿಲಿಸಲಿಲ್ಲ. ಹಳೆಯ ಡಬ್ಬಿಯಾಗಿದ್ದರೆ ಈ ಹೊತ್ತಿಗೆ ಚೂರುಚೂರಾಗುತ್ತಿತ್ತು. ಇದು ಹಿಡಿದು ನಿಂತಿತು. ಹಿಡಿದು, ಒಂದು ಗೇಣು ಸರಿಯಿತು, ಇನ್ನೊಂದು ಗೇಣು. ಆಮೇಲೆ ಎರೆಮಣ್ಣು ದೊಡ್ಡದಾಗಿ ಲೊಟಕೆ ಹೊಡೆದು ಬಸ್ಸನ್ನು ಬಿಟ್ಟುಕೊಟ್ಟಿತು. ಬಸ್ಸು ಖಡಿಯ ಮೇಲೆ ಬಂದು ನೆಟ್ಟಗಾದಾಗ ಮಂದಿ ಹೋ ಎಂದು ಕೂಗಿದ ಕೂಗಿಗೆ ಹೊಲದ ಹಕ್ಕಿಗಳೆಲ್ಲ ಹಾರಿದವು.

ರುದ್ರವ್ವ ಬಸ್ಸಿನಿಂದ ಇಳಿದವಳೇ ನೆಟ್ಟಗೆ ಶಿವಯೋಗೆಪ್ಪನ ಮುಂದೆ ಬಂದು ನಿಂತಳು. ಅವಳ ಬಾಯಿಯಲ್ಲಿ ಒಂದೂ ಹಲ್ಲಿರಲಿಲ್ಲ.

"ಬಾಯಿ ತೆಗಿ ಯಪ್ಪಾ."

ಅಜ್ಜಿ ಸಕ್ಕರೆ ಹಾಕುತ್ತಾಳೆಂದು ಶಿವಯೋಗೆಪ್ಪ ಬಾಯಿ ತೆರೆದ. ರುದ್ರವ್ವ ಎರಡು ಬೆರಳಿನಿಂದ ಅವನ ಮುಂದಿನ ಹಲ್ಲು ಹಿಡಿದು, ಜೋಳದ ದಂಟು ಕೀಳುವ ಜೋರಿನಲ್ಲಿ ಜಗ್ಗಿದಳು.

"ಅಯ್ಯಯ್ಯಯ್ಯೋ!"

"ಗುರಲಿಂಗಾ!" ರುದ್ರವ್ವ ಬೆರಗಿನಿಂದ ಮಗನತ್ತ ತಿರುಗಿದಳು, "ಬೇರು ಬಿಟ್ಟಾವೋ!"

ಶಿವಯೋಗೆಪ್ಪ ದವಡೆ ಹಿಡಿದುಕೊಂಡು ಅತ್ತಿತ್ತ ನೋಡಿದ. "ಯಾಕಬೇ ಆಯಿ, ನನ್ನ ಹಲ್ಲು ಯಾಕ ಜಗ್ಗತೀ?"

"ಮಿಲಿಟರಿ ಹಲ್ಲಲ್ಲೇನೋ?"

"ಮಿಲಿಟರಿ ಹಲ್ಲು ಇಲ್ಲೆಲ್ಲೈತಿ? ಕಾಲ ಬುಡಕ ಅದಾವ!"

"ಹಲ್ಲು... ಕಾಲ ಬುಡಕ?" ಎಂದರು ಗುರಲಿಂಗಪ್ಪನವರು. ಅವರಿಗೆ ಮಗಳನ್ನು ಕೊಡದಿರಲು ಇನ್ನೊಂದು ಕಾರಣ ಸಿಕ್ಕ ಹಾಗಾಯಿತು.

ಅಲ್ಲಾಉದ್ದೀನ ಮೋಟಾರಿನ ತಳದ ಹಲಗೆ ಎತ್ತಿದ, ಡಬ್ಬಿಯ ಮೇಲಿನ ಮುಚ್ಚಳ ಬಿಚ್ಚಿದ. ಗುರಲಿಂಗಪ್ಪನವರು ಕೆಸರು ಮೆತ್ತಿದ ಮೊಣಕಾಲೂರಿ ಬಗ್ಗಿ ನೋಡಿದರು. ಎಣ್ಣೆಯಲ್ಲಿ ಮಿಂದ ಉಕ್ಕಿನ ಗಾಲಿಗಳು, ಅವುಗಳ ಸುತ್ತ ಒಂದಕ್ಕೊಂದು ಕಚ್ಚಿಕೊಂಡ ಹಲ್ಲು. ತುಂಬ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗುರುಪಾದಯ್ಯನವರನ್ನು ನೋಡಿದರು.

"ನಾ ಕೇಳಿದ್ದು ನಾ ಹೇಳೇನಿ," ಎಂದರು ಗುರುಪಾದಯ್ಯನವರು ಗತ್ತಿನಿಂದ. "ಹಲ್ಲು ಅಂದ್ರು, ಹಲ್ಲು ಅಂದೆ. ಅವೇನು ಹಲ್ಲಲ್ಲೇನು? ನೀವ ನೋಡ್ರಿ."

ಗುರಲಿಂಗಪ್ಪನವರ ಹೊಟ್ಟೆ ಮೊದಲು ಅಲುಗಿತು. ನಗೆ ಆಮೇಲೆ ಹೊರಬಂತು. ಅವರು ನಕ್ಕ ರಭಸಕ್ಕೆ ರುಮಾಲು ಡಬ್ಬಿಯೊಳಗೆ ಬೀಳುವುದರಲ್ಲಿತ್ತು, ಅಲ್ಲಾಉದ್ದೀನ ಹಿಡಿದ. ನಗದವಳು ರುದ್ರವ್ವ ಒಬ್ಬಳೇ. "ಹಂಗಾದ್ರ ನನ್ನ ಹಲ್ಲು? ಕೂಡಿಸಿಕೋಬೇಕಂತ ಬಸ್ಸಿನಾಗ ಕುಂತು ಇಷ್ಟು ದೂರ ಬಂದೇನಲ್ಲೋ!" ಎಂದು ಅವಳು ಅಲ್ಲಾಉದ್ದೀನನ ಮೇಲೆ ಹರಿಹಾಯ್ದಳು. ವಿಜಾಪುರದಲ್ಲಿ ನಿಜವಾದ ಹಲ್ಲಿನ ಡಾಕ್ಟರ ಹತ್ತಿರ ತಾನೇ ಕರೆದೊಯ್ಯುತ್ತೇನೆಂದು ಶಿವಯೋಗೆಪ್ಪ ಮಾತು ಕೊಟ್ಟ ಮೇಲೆಯೇ ಸಮಾಧಾನವಾದದ್ದು. ಆಗ ಅವಳು ಅವನ ಕಿವಿಯ ಹತ್ತಿರ ಬಂದು, ಎಂದಿನಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನೀಲಾ ಏನಂದಳು ಗೊತ್ತೈತೇನು? ಹಲ್ಲು ಹೋದ್ರ ಹೋಗ್ಲಿ, ನಕ್ಕೋತ ಇರೂ ಮನಿಶ್ಯಾ ಅದಾನ ಅಂದಳು. ಅಪ್ಪನ ಮುಂದ ನಿಂತು ಅಂದಳು."

ಶಿವಯೋಗೆಪ್ಪ ದವಡೆಯ ನೋವನ್ನೂ ಮರೆತು ಎರಡೂ ಸಾಲು ಹಲ್ಲು ತೋರಿಸಿ ನಕ್ಕ. ಗುರಲಿಂಗಪ್ಪನವರು ಭುಜದ ಮೇಲೆ ಕೈಯಿಟ್ಟು, "ನಡೀರಿ ಅಳಿಯಂದಿರ. ಹೆಂಗೂ ಹೊಂಟೀವಿ. ನಿಮ್ಮ ತಾಯಾರ ಜೋಡಿ ಮಾತಾಡಿ ದಿನಾ ಗೊತ್ತು ಮಾಡೂಣು," ಎಂದರು.

ಬಸ್ಸು ಮುಂದೆ ಹೋಯಿತು. ಅಲ್ಲಾಉದ್ದೀನನೂ ಗುರುಪಾದಯ್ಯನವರೂ ಅದನ್ನೇ ಹತ್ತಿದರು. ರುದ್ರವ್ವ ಮಾತ್ರ ಮೋಟಾರಿನ ಆಸನವೇ ಬೇಕೆಂದು ಹಟ ಹಿಡಿದು, ಗೇರಿನ ಹಿಡಿಕೆಯನ್ನು ಮೊಣಕಾಲ ನಡುವೆ ಬೀಸುವ ಕಲ್ಲಿನ ಗೂಟದಂತೆ ಹಿಡಿದು ಕೂತಳು. ಗೇರು ಬದಲಿಸುವಾಗ ಶಿವಯೋಗೆಪ್ಪ ಹೇಳುತ್ತಿದ್ದ, ಅವಳು ಎಳೆಯುತ್ತಿದ್ದಳು. ಗುರಲಿಂಗಪ್ಪನವರು ಬಾಲದ ಮೇಲೆ, ಈಗ ಒಬ್ಬರೇ, ಅಂಬಾರಿಯ ಮೇಲೆ ಕೂತವರಂತೆ.

ಟಿಕೋಟ ಬಂದಾಗ ರಸ್ತೆ ತುಂಬ ಜನ. ಬಸ್ಸು ಮುಂಚೆಯೇ ಮುಟ್ಟಿತ್ತು. ಬಸ್ಸಿನೊಳಗೆ ಕೂತು ಕೆಸರನ್ನೂ ಆಕಾಶವನ್ನೂ ನೋಡಿದ್ದವರು, ತಾವು ಕಿವಿಯಾರೆ ಕೇಳಿದ್ದನ್ನು ಕಣ್ಣಾರೆ ಕಂಡಂತೆ ಹೇಳಿ ಮುಂದೆ ಹೋಗಿದ್ದರು. ಬೋರವ್ವ ಗಂಜಿಯ ತಂಬಿಗೆಯನ್ನು ಎಲ್ಲೋ ಎಸೆದು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಊರಿನ ಹಿರಿಯನೊಬ್ಬ ಮುಂದೆ ಬಂದು ಕೈಮುಗಿದ.

"ತುಂಬಿದ ಬಸ್ಸು ಹಲ್ಲಿಲೆ ಕಚ್ಚಿ ಎಳದ್ರಂತ, ಖರೇನ್ರಿ?"

"ಅಲ್ರಿ, ಅದು ಹಂಗಲ್ಲ, ಹಲ್ಲಂದ್ರ ಏನಂದ್ರ," ಎಂದು ಶಿವಯೋಗೆಪ್ಪ ಮೊದಲಿಂದ ಬಿಡಿಸಿ ಹೇಳಲು ಎದ್ದು ನಿಂತ.

ಹಿಂದಿನಿಂದ ಒಂದು ಭಾರವಾದ ಕೈ ಅವನನ್ನು ಒತ್ತಿ ಕೂಡಿಸಿತು. ಗುರಲಿಂಗಪ್ಪನವರು ರುಮಾಲು ಸರಿಮಾಡಿಕೊಂಡು ಜನರತ್ತ ನೋಡಿದರು. ಸುತ್ತ ಏಳು ಹಳ್ಳಿಯಲ್ಲಿ ಇಂಥ ಅಳಿಯ ಇನ್ನಾರಿಗೂ ಇಲ್ಲವೆಂಬುದು ಅವರಿಗೆ ಆ ಕ್ಷಣಕ್ಕೆ ಹೊಳೆದಿತ್ತು.

"ಖರೆ," ಎಂದರು ಗಂಭೀರವಾಗಿ. "ಅದೂ ಬರೇ ಮುಂದಿನ ಎರಡು ಹಲ್ಲಿಲೆ. ದವಡಿ ಹಲ್ಲಿಗೆ ಇನ್ನೂ ಕೆಲಸಾನ ಕೊಟ್ಟಿಲ್ಲ."